ಒಂಬತ್ತು ಮೊಳದ ಕೆರೆ

ನಮ್ಮ ಮನೆಯ ದೇವರಗೂಡಿನಲ್ಲಿ ದೇವರಿಗಿಂತ ಮಣ್ಣೇ ಹೆಚ್ಚಿತ್ತು. ನಡುಮನೆಯ ಗೋಡೆಯಲ್ಲಿ ಒಂದು ಗೂಡು, ಅದರೊಳಗೆ ಅಂಗೈಯಗಲದ ಗಂಗಮ್ಮ, ಅವಳ ಸುತ್ತ ಒಣಗಿ ಕಲ್ಲಾಗಿದ್ದ ಕಪ್ಪು ಮಣ್ಣಿನ ಉಂಡೆಗಳು. ಒಂದೊಂದು ಉಂಡೆಯ ಮೇಲೂ ಅದನ್ನು ಹಿಡಿದು ತಂದವರ ಬೆರಳಿನ ಅಚ್ಚು. ತೀರ ಚಿಕ್ಕವಳಿದ್ದಾಗ ಅವುಗಳನ್ನು ಯಾರೋ ತಿನ್ನದೆ ಬಿಟ್ಟ ರಾಗಿಮುದ್ದೆ ಅಂದುಕೊಂಡಿದ್ದೆ. ಒಂದನ್ನು ನೆಕ್ಕಿ ನೋಡಿ ಅವ್ವನ ಕೈಯಿಂದ ಬೆನ್ನಿಗೆ ಏಟು ತಿಂದ ಮೇಲೆ ಗೊತ್ತಾಯಿತು, ಅದು ನಮ್ಮ ಕೆರೆಯ ತಳದ ಮಣ್ಣು ಎಂದು.

ನಮ್ಮದು ನೀರುಗಂಟಿಗಳ ಮನೆ. ಕೆರೆಯ ನೀರು ಯಾರ ಗದ್ದೆಗೆ, ಯಾವಾಗ, ಎಷ್ಟು ಹೊತ್ತು ಹರಿಯಬೇಕು ಎಂದು ನೋಡಿ ತೂಬು ತೆಗೆಯುವುದು, ಮುಚ್ಚುವುದು ನಮ್ಮವರ ಕೆಲಸ. ನನಗೆ ಬುದ್ಧಿ ಬರುವ ಹೊತ್ತಿಗೆ ಊರಲ್ಲಿ ಗದ್ದೆಯೇ ಉಳಿದಿರಲಿಲ್ಲ. ವೈಟ್‌ಫೀಲ್ಡಿನಿಂದ ಸರ್ಜಾಪುರದ ಕಡೆ ಹೋಗುವ ದಾರಿಯ ಎರಡೂ ಬದಿಗೆ ಗಾಜಿನ ಕಟ್ಟಡಗಳು ಎದ್ದಿದ್ದವು, ಭತ್ತ ಬೆಳೆಯುತ್ತಿದ್ದ ಜಾಗದಲ್ಲಿ ಪಿಜಿಗಳ ನೀಲಿ ಬೋರ್ಡುಗಳಿದ್ದವು. ನಾವೂ ಹಿತ್ತಲಲ್ಲಿ ಸಾಲಾಗಿ ಎಂಟು ಶೀಟಿನ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೆವು. ಆದರೂ ತಾತ ಮಾತ್ರ ದಿನಾ ಬೆಳಗ್ಗೆ ಕೆರೆ ಏರಿಯ ಮೇಲೆ ಹೋಗಿ, ತೂಬಿನ ಕಲ್ಲುಕಂಬ ನೋಡಿ, ಮನೆಗೆ ಬಂದು ವಾರ್ತೆ ಓದುವವರ ಗತ್ತಿನಲ್ಲಿ ಹೇಳುತ್ತಿದ್ದ.

"ಇವತ್ತು ಎಲ್ಡನೇ ಗೆರೆ."

ತೂಬಿನ ಕಂಬದ ಮೇಲೆ ಒಂಬತ್ತು ಗೆರೆ ಕೆತ್ತಿದ್ದರು, ಗೆರೆಯಿಂದ ಗೆರೆಗೆ ಒಂದು ಮೊಳ. ಎಣಿಸುವುದು ಮೇಲಿನಿಂದ. ನೀರು ಮೊದಲನೆಯ ಗೆರೆ ಮುಟ್ಟಿದರೆ ಕೆರೆ ತುಂಬಿತು, ಕೋಡಿ ಬಿತ್ತು ಎಂದರ್ಥ. ತಾತನ ಪ್ರಕಾರ ಒಂಬತ್ತನೆಯ ಗೆರೆಯ ಕೆಳಗೆ ತಳ. ಒಂಬತ್ತು ಮೊಳ ಎಂದರೆ ಒಬ್ಬನ ತಲೆಯ ಮೇಲೆ ಇನ್ನೊಬ್ಬ ನಿಂತರೂ ಮುಳುಗುವಷ್ಟು ನೀರು. ಬಂದವರಿಗೆಲ್ಲ ತಾತ ಇದನ್ನು ಹೇಳುತ್ತಿದ್ದ, ಬಾಡಿಗೆ ಮನೆ ಕೇಳಲು ಬಂದವರಿಗೂ ಬಿಡುತ್ತಿರಲಿಲ್ಲ. ಅವರು ಕೇಳಿದ್ದು ಬಚ್ಚಲಿನಲ್ಲಿ ನೀರು ಬರುತ್ತದೋ ಎಂದು.

ಅದಕ್ಕೆ ಉತ್ತರ ಅಪ್ಪನ ಹತ್ತಿರ ಇತ್ತು. ಅಪ್ಪ ಬೋರ್‌ವೆಲ್ ಕೊರೆಸಿ, ಟ್ಯಾಂಕರ್ ಕೊಂಡು, ಬ್ರೂಕ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆಯುತ್ತಿದ್ದ. ಆ ಟ್ಯಾಂಕರ್ ಅಂಗಳಕ್ಕೆ ಬಂದು ನಿಂತ ದಿನ ತಾತ ಅಪ್ಪನಿಗೆ ಒಂದು ಮಾತು ಹೇಳಿದ.

"ನೀರು ಬಿಡೋರ ಮನೇಲಿ ನೀರು ಮಾರೋನು ಉಟ್ಟವ್ನೆ."

ಅದೇ ಕೊನೆ. ಆಮೇಲೆ ಎರಡು ವರ್ಷ ತಾತ ಅಪ್ಪನ ಜೊತೆ ನೇರವಾಗಿ ಮಾತಾಡಲಿಲ್ಲ. ಮಾತೆಲ್ಲ ನನ್ನ ಮೂಲಕ. ಊಟಕ್ಕೆ ಇಬ್ಬರೂ ಒಂದೇ ಗೋಡೆಗೆ ಒರಗಿ ಕೂರುತ್ತಿದ್ದರು, ನಡುವೆ ನನ್ನ ತಟ್ಟೆ.

"ಅಮ್ಮಣ್ಣಿ, ಮುದ್ದೆ ತಣ್ಣಗಾಯ್ತದೆ ಅಂತ ನಿಮ್ಮಪ್ಪಂಗೆ ಏಳು."

"ಪುಟ್ಟಿ, ನಂಗೆ ಕೇಳಿಸ್ತು ಅಂತ ಹೇಳು."

ನಾನು ಎರಡನ್ನೂ ನಿಷ್ಠೆಯಿಂದ ಹೇಳುತ್ತಿದ್ದೆ. ಅವ್ವ ಮಾತ್ರ ಉಪ್ಸಾರಿನ ಸೌಟು ಹಿಡಿದುಕೊಂಡು ಇಬ್ಬರನ್ನೂ ದುರುಗುಟ್ಟಿ ನೋಡುತ್ತಿದ್ದಳು. ಹೊರಗಿನವರಿಗೆ ಇದು ನಗೆಯಾಗಿ ಕಾಣಬಹುದು. ನನಗೆ ನಗೆ ಬರುತ್ತಿರಲಿಲ್ಲ. ತಾತ ಕೈ ತೊಳೆಯಲು ಎದ್ದು ಹೋದ ಮೇಲೆ ಅಪ್ಪ ಅವನು ಕೂತಿದ್ದ ಜಾಗವನ್ನೇ ನೋಡುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಗೂಡಿನ ಮಣ್ಣಿನ ವಿಷಯಕ್ಕೆ ಬರುತ್ತೇನೆ. ಕೋಡಿ ಬಿದ್ದ ದಿನ ನಮ್ಮ ಮನೆಯ ಗಂಡಸು ತೂಬಿನ ಕಂಬದ ತುದಿಯಿಂದ ತಲೆ ಕೆಳಗಾಗಿ ಧುಮುಕಬೇಕು. ತಳ ಮುಟ್ಟಿ, ಒಂದು ಹಿಡಿ ಮಣ್ಣು ತಂದು, ಗಂಗಮ್ಮನ ಗೂಡಿನಲ್ಲಿಡಬೇಕು. ಕೆರೆ ಎಂದರೆ ತಾಯಿ, ಅವಳ ತಳ ಮುಟ್ಟುವುದಕ್ಕೆ ಆ ಒಂದು ದಿನ, ಆ ಒಂದು ಕೈ ಮಾತ್ರ. ಉಳಿದ ದಿನ ತೂಬಿನ ಹತ್ತಿರ ಯಾರೂ ನೀರಿಗೆ ಕೋಲು ಇಳಿಸಬಾರದು. ಅದು ತಾತನ ಕಟ್ಟುನಿಟ್ಟು. ಕೊನೆಯ ಸಲ ಧುಮುಕಿದ್ದು ತಾತನೇ, ನಾನು ಹುಟ್ಟುವುದಕ್ಕೆ ಮೊದಲು. ಆಮೇಲೆ ಕೆರೆ ಕೋಡಿ ಬಿದ್ದೇ ಇರಲಿಲ್ಲ. ಹಾಗಂತ ಬತ್ತಿಯೂ ಇರಲಿಲ್ಲ. ಮೇಲಿನ ಬಡಾವಣೆಗಳ ಮೋರಿ ನೀರು ವರ್ಷವಿಡೀ ಬಂದು ಸೇರುತ್ತಿತ್ತು. ಬೇಸಿಗೆಯಲ್ಲೂ ನೀರು ಎರಡನೆಯ ಗೆರೆಯಲ್ಲೇ ನಿಂತಿರುತ್ತಿತ್ತು, ಅದರ ಮೇಲೆ ಹಸಿರು ಅಂತರಗಂಗೆ.

"ನೋಡು, ಈಚೆಗೆ ನಮ್ ತಾಯಿ ಒಂದ್ ವರ್ಸಾನಾದ್ರೂ ಬತ್ತವ್ಳಾ?" ಎಂದು ತಾತ ಹೆಮ್ಮೆಪಡುತ್ತಿದ್ದ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಮಳೆ ಹಟ ಹಿಡಿದು ಸುರಿಯಿತು. ತಿಂಗಳೊಪ್ಪತ್ತಿನಲ್ಲಿ ನೀರು ಮೊದಲನೆಯ ಗೆರೆಯ ಕಡೆಗೆ ಏರತೊಡಗಿತು. ತಾತನ ಮಂಡಿ ಆಗಲೇ ಕೈಕೊಟ್ಟಿತ್ತು, ಕೋಲಿಲ್ಲದೆ ನಡೆಯಲಾರ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಮುದ್ದೆ ಮುರಿಯುತ್ತ, ಗೋಡೆಗೆ ಹೇಳುವವನ ಹಾಗೆ ಹೇಳಿದ.

"ಅಮ್ಮಣ್ಣಿ, ಕೋಡಿ ಬಿದ್ರೆ ಈ ಸಲ ಅವ್ನೇ ಬೀಳ್ಬೇಕು ಅಂತ ನಿಮ್ಮಪ್ಪಂಗೆ ಏಳು."

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ನಾನು ಹೇಳಬೇಕಾದ ಅಗತ್ಯವೇ ಬರಲಿಲ್ಲ. ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಟ್ಯಾಂಕರ್ ಬಂದ ದಿನವೂ ಕಂಡಿರಲಿಲ್ಲ. ಮರುದಿನದಿಂದ ಬೀಡಿ ಬಿಟ್ಟ. ಬಚ್ಚಲಲ್ಲಿ ಹಂಡೆಗೆ ಮುಖ ಮುಳುಗಿಸಿ ಉಸಿರು ಕಟ್ಟುವ ಅಭ್ಯಾಸ ಶುರು ಮಾಡಿದ. ನನ್ನನ್ನು ಎಣಿಸಲು ಕೂರಿಸುತ್ತಿದ್ದ. ಎಪ್ಪತ್ತು ದಾಟಿದ ದಿನ ಮನೆಯೆಲ್ಲ ಕೇಳುವ ಹಾಗೆ ಸಂಖ್ಯೆ ಕೂಗಲು ಹೇಳಿದ. ಯಾರಿಗೆ ಕೇಳಲಿ ಎಂದು ಕೂಗಿಸಿದನೋ ಅವನು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಅದೇ ವಾರ ಶಾಲೆಯಲ್ಲಿ ವಸ್ತುಪ್ರದರ್ಶನ. ನಮ್ಮ ಮಿಸ್ ನನಗೆ ಕೊಟ್ಟದ್ದು ದೇಶದ ದೊಡ್ಡ ಸರೋವರಗಳ ಚಾರ್ಟು. ದಪ್ಪ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮೂರು ಕಾಲಂ ಹಾಕಿದೆ: ಹೆಸರು, ಎಷ್ಟು ಅಗಲ, ಎಷ್ಟು ಆಳ. ಚಿಲಿಕಾ, ವೆಂಬನಾಡು, ವುಲರ್, ಲೋಕ್ಟಾಕ್, ಸಾಂಭರ್. ಅಗಲದ ಕಾಲಂ ಸಲೀಸಾಗಿ ತುಂಬಿತು, ಪುಸ್ತಕದಲ್ಲಿ ಚದರ ಕಿಲೋಮೀಟರ್ ಇತ್ತು. ಎಷ್ಟು ಆಳ ಎಂಬುದು ಯಾವುದಕ್ಕೂ ಇರಲಿಲ್ಲ.

"ಗೊತ್ತಿಲ್ದಿದ್ರೆ ಖಾಲಿ ಬಿಡು," ಎಂದರು ಮಿಸ್.

ನನಗೆ ಖುಷಿಯೇ ಆಯಿತು. ಕೊನೆಯ ಸಾಲಿನಲ್ಲಿ ನಮ್ಮ ಕೆರೆಯ ಹೆಸರು ಬರೆಯುವುದು ಎಂದು ತೀರ್ಮಾನ ಮಾಡಿದೆ. ಅಗಲದಲ್ಲಿ ಅದು ಯಾವ ಲೆಕ್ಕಕ್ಕೂ ಇಲ್ಲ. ಆದರೆ ದೇಶದ ಅಷ್ಟೂ ಸರೋವರಗಳು ಖಾಲಿ ಬಿಟ್ಟ ಕಾಲಮ್ಮಿನಲ್ಲಿ ನಮ್ಮದೊಂದೇ ಒಂಬತ್ತು ಮೊಳ ಎಂದು ಬರೆಸಿಕೊಂಡು ಕೂರುತ್ತದಲ್ಲ! ಆ ಜಂಬದಲ್ಲಿ ಚಾರ್ಟನ್ನು ಅಂಗಳದಲ್ಲಿ ಹಾಸಿಕೊಂಡು ಕೂತಿದ್ದಾಗ ಮಿನತಿ ಅಕ್ಕ ಬಂದಳು. ಅವಳು ನಮ್ಮ ಮೂರನೆಯ ಶೀಟಿನ ಮನೆಯ ಬಾಡಿಗೆಯವಳು, ಒಡಿಶಾದವಳು. ಗಾಜಿನ ಕಟ್ಟಡವೊಂದರಲ್ಲಿ ನೆಲ ಒರೆಸುವ ಕೆಲಸ. ಭಾನುವಾರ ಮಾತ್ರ ಮೀನು ಹಿಡಿಯುತ್ತಿದ್ದಳು. ಆಫೀಸುಗಳವರು ಬಿಸಾಡಿದ ಥರ್ಮಾಕೋಲ್ ಹಲಗೆಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿ ಕಟ್ಟಿ, ಅದನ್ನೇ ತೆಪ್ಪ ಮಾಡಿಕೊಂಡಿದ್ದಳು. ಓದು ಬಾರದಿದ್ದರೂ ನನ್ನ ಚಾರ್ಟಿನ ಮೂಲೆಯಲ್ಲಿ ಬರೆದಿದ್ದ ಭೂಪಟದಲ್ಲಿ ಬಲಗಡೆಯ ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟಳು.

"ಇದು ಚಿಲಿಕಾ. ನಮ್ದು ಊರು ಇಲ್ಲಿ. ಬಾಳಾ ದೊಡ್ಡದು. ಆ ಕಡೆ ದಡ ಕಾಣ್ಸಲ್ಲ."

"ಎಷ್ಟು ಆಳ ಅಕ್ಕಾ?"

"ಆಳ ಎಲ್ಲಿ? ಎಷ್ಟೋ ಜಾಗ ನಮ್ ಅಪ್ಪ ನಿಂತ್ಕೊಂಡು ಬಲೆ ಹಾಕ್ತಾನೆ."

ದೇಶದ ದೊಡ್ಡ ಸರೋವರದಲ್ಲಿ ಒಬ್ಬ ಮನುಷ್ಯ ನಿಂತುಕೊಳ್ಳಬಹುದು ಎಂಬುದು ನನಗೆ ಮೊದಲ ಆಘಾತ. ನಾನು ಕಿಸಕ್ಕನೆ ನಕ್ಕೆ. ನಮ್ಮ ಕೆರೆಯಲ್ಲಿ ಹಾಗೆಲ್ಲ ನಿಲ್ಲಲು ಆಗುವುದಿಲ್ಲ, ಒಂಬತ್ತು ಮೊಳ ಇದೆ ಎಂದೆ. ಮಿನತಿ ಅಕ್ಕ ನಗಲಿಲ್ಲ.

"ಯಾರು ಹೇಳಿದ್ದು? ಜೊಂಡು ಕಡೆ ನನ್ ಸೊಂಟ ಬರ್ತದೆ, ಅಷ್ಟೇ. ಕಲ್ಲು ಹತ್ರ ಗೊತ್ತಿಲ್ಲ. ಅಲ್ಲಿ ಹೋದ್ರೆ ನಿಮ್ ತಾತ ಬೈತಾರೆ."

ಆ ಭಾನುವಾರ ತಾತ ಸಂತೆಗೆ ಹೋಗಿದ್ದ. ಅವ್ವ ಏರಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಾನು ಮಿನತಿ ಅಕ್ಕನ ತೆಪ್ಪ ಹತ್ತಿ ಕಂಬದ ಬುಡಕ್ಕೆ ಹೋದೆ. ನೀರು ಮೊದಲನೆಯ ಗೆರೆಗೆ ಒಂದು ಗೇಣು ಕಡಿಮೆ ಇತ್ತು. ಅವಳು ತೆಪ್ಪ ನೂಕುವ ಬಿದಿರು ಕೋಲನ್ನು ನಾನೇ ಇಳಿಸುತ್ತೇನೆ ಎಂದು ಕಾಡಿ ಇಸಕೊಂಡೆ. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು, ಗಂಗಮ್ಮನಿಗೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡೆ. ಕೋಲು ಇಳಿಯಿತು, ನಿಂತಿತು. ಒಂದು ಮೊಳ, ಇನ್ನೊಂದು ಮೊಳಕ್ಕೆ ಸ್ವಲ್ಪ ಕಡಿಮೆ. ಕಲ್ಲಿಗೆ ತಾಗಿತೇನೋ ಎಂದು ಆ ಕಡೆ ಇಳಿಸಿದೆ, ಈ ಕಡೆ ಇಳಿಸಿದೆ, ಕಂಬದ ಸುತ್ತ ಆರೇಳು ಕಡೆ ಇಳಿಸಿದೆ. ಎಲ್ಲ ಕಡೆಯೂ ಅಷ್ಟೇ. ಒತ್ತಿದರೆ ಒಂದು ಗೇಣು ಕೆಸರಿನೊಳಗೆ ಹೋಗಿ ಗಟ್ಟಿ ನೆಲಕ್ಕೆ ನಿಲ್ಲುತ್ತಿತ್ತು. ಮೊದಲು ಹೊಳೆದದ್ದು ಚಾರ್ಟು. ಆಮೇಲೆ ಕಂಬದ ತುದಿ ನೋಡಿದೆ, ಅಪ್ಪನ ತಲೆ ನೆನಪಾಯಿತು.

ಊಟಕ್ಕೆ ಕೂತಾಗ ಹೇಳಿಬಿಟ್ಟೆ. ತಾತ ತಟ್ಟೆ ಸರಿಸಿದ.

"ತಾಯಿ ಒಟ್ಟೆಗೆ ಕೋಲ್ ಆಕ್ದಾ? ಈ ಮನೇಲಿ ಉಟ್ಟಿ?"

"ತಾತ, ಎರಡೇ ಮೊಳ ಐತೆ. ಅಪ್ಪ ಬಿದ್ರೆ..."

"ಬಾಯ್ ಮುಚ್ಚು. ಮೊದಲ್ನೇ ಗೆರೆಗೆ ಒಂದ್ ಗೇಣು ಕಮ್ಮಿ ಐತೆ. ಅಂದ್ರೆ ಕೆಳ್ಗೆ ಎಂಟ್ ಮೊಳಕ್ಕೆ ಮೋಸ ಇಲ್ಲ. ಕಲ್ ಮ್ಯಾಲೆ ಬರ್ದೈತೆ."

ತಾತ ಸುಳ್ಳು ಹೇಳುವವನಲ್ಲ. ಅವನ ತಪ್ಪು ನೀರುಗಂಟಿ ಮಾತ್ರ ಮಾಡಬಹುದಾದ ತಪ್ಪು. ನೀರುಗಂಟಿಗಳು ಅಳೆಯುತ್ತಿದ್ದದ್ದು ಯಾವಾಗಲೂ ಮೇಲಿನಿಂದ, ಕೋಡಿಗೆ ಎಷ್ಟು ಕಡಿಮೆ ಎಂದು. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರು ಗಾಡಿಗಟ್ಟಲೆ ಹೂಳು ಹೊತ್ತು ಗದ್ದೆಗೆ ಹಾಕುತ್ತಿದ್ದರು, ತಳ ತನ್ನ ಜಾಗದಲ್ಲೇ ಇರುತ್ತಿತ್ತು. ಬತ್ತುವುದು ನಿಂತ ಮೇಲೆ ತಳವನ್ನು ಯಾರೂ ಕಾಣಲಿಲ್ಲ. ಮೇಲೆ ಅಗೆದ ಪಾಯಗಳ ಮಣ್ಣೆಲ್ಲ ಮಳೆಗೆ ಕೊಚ್ಚಿ ಬಂದು ಒಳಗೆ ಕೂತಿತ್ತು. ಅಗಲ ಹಾಗೇ ಇತ್ತು, ಗೆರೆಗಳು ಹಾಗೇ ಇದ್ದವು, ಏರಿಯ ಮೇಲೆ ನಿಂತವರಿಗೆ ಕೆರೆ ತುಂಬಿ ತುಳುಕುತ್ತಿತ್ತು. ಇದನ್ನೆಲ್ಲ ಈಗ ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಅವತ್ತು ನನಗೆ ಬಂದದ್ದು ಬರೀ ಅಳು.

"ಮಾವ, ಒಂದ್ಸಲ ನೋಡಿದ್ರೆ ಏನಾಯ್ತದೆ?" ಅವ್ವ ಮೆಲ್ಲಗೆ ಕೇಳಿದಳು.

"ನೀನೂ ಸುರು ಮಾಡ್ದಾ? ಅವ್ನಿಗೆ ಬೀಳಾಕೆ ಪುಕ್ಕಲಾದ್ರೆ ಅಂಗಂತ ಏಳ್ಲಿ. ಮಗೀನ ಮುಂದೆ ಬಿಡೋದ್ಯಾಕೆ?"

ಅಪ್ಪನ ಮುಖ ಕೆಂಪಾಯಿತು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಟ್ಯಾಂಕರಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಪುಟ್ಟೀ, ಇನ್ನೊಂದ್ಸಲ ಈ ಮಾತು ಎತ್ಬೇಡ ಕಣಮ್ಮ. ಕೋಲು ಬೇರಿಗೋ ಕಲ್ಲಿಗೋ ಸಿಕ್ಕಿರ್ತದೆ."

"ಇಲ್ಲಪ್ಪ, ಎಲ್ಲಾ ಕಡೆ ನೋಡ್ದೆ."

"ಎರಡು ವರ್ಷ ಆಯ್ತು ಪುಟ್ಟಿ, ನಮ್ಮಪ್ಪ ನನ್ ಮುಖ ನೋಡಿ. ಈಗ ನಾನೇ ಹೋಗಿ ಕೆರೆ ಅಳೀತೀನಿ ಅಂದ್ರೆ ಏನಂದ್ಕೊಳ್ಳಲ್ಲ?"

ಅಪ್ಪನಿಗೂ ಒಳಗೊಳಗೆ ಅನುಮಾನ ಬಂದಿತ್ತೋ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದಿದ್ದರೂ ಧುಮುಕಲು ಹೊರಟಿದ್ದ ಎನ್ನುವುದು ಯೋಚಿಸಲೂ ಆಗದ ವಿಷಯ. ಒಂದು ಮಾತಿಗಾಗಿ ಮನುಷ್ಯ ಅಲ್ಲಿಯವರೆಗೆ ಹೋಗಬಲ್ಲ ಎಂದು ನಾನು ಕಲಿತದ್ದು ಆ ವಯಸ್ಸಿನಲ್ಲಿ.

ಬುಧವಾರ ಬೆಳಗ್ಗೆ ಕೋಡಿ ಬಿತ್ತು. ತಾತ ಏರಿಯಿಂದ ಕೂಗಿಕೊಂಡೇ ಬಂದ, ಮಂಡಿನೋವು ಮರೆತು. ಅವ್ವ ತಂಬಿಟ್ಟು ಕಟ್ಟಿದಳು. ಉಂಡೆಗಳು ಒಡೆದು ಹೋಗುತ್ತಿದ್ದವು, ಮತ್ತೆ ಮತ್ತೆ ಬೆಲ್ಲದ ಪಾಕ ಹಾಕಿ ಕಟ್ಟುತ್ತಿದ್ದಳು. ಹತ್ತು ಗಂಟೆಗೆಲ್ಲ ಊರೇ ಏರಿಯ ಮೇಲೆ ಸೇರಿತ್ತು. ತಮಟೆ ಬಡಿಯುತ್ತಿತ್ತು, ಬಾಡಿಗೆಯವರೆಲ್ಲ ಕೆಲಸಕ್ಕೆ ತಡವಾದರೂ ನಿಂತಿದ್ದರು. ಮಿನತಿ ಅಕ್ಕ ಕೈಯಲ್ಲಿ ಊಟದ ಡಬ್ಬಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಏರಿಯಿಂದ ತೂಬಿಗೆ ಹೋಗಲು ಉದ್ದನೆಯ ಕಲ್ಲು ಚಪ್ಪಡಿಗಳ ಕಾಲುದಾರಿ ಇದೆ. ಅಪ್ಪ ಒದ್ದೆ ಪಂಚೆ ಕಚ್ಚೆ ಹಾಕಿ, ಹಣೆಗೆ ಅರಿಶಿನ ಕುಂಕುಮ ಇಟ್ಟುಕೊಂಡು ಅದರ ಮೇಲೆ ನಡೆದು ಹೋದ. ತಾತ ಏರಿಯ ತುದಿಯಲ್ಲಿ ಕೋಲೂರಿ ನಿಂತಿದ್ದ, ಮುಖ ಬೆಳಗುತ್ತಿತ್ತು. ಅಪ್ಪ ಕಂಬದ ತುದಿ ಹತ್ತಿ ಗಂಗಮ್ಮನಿಗೆ ಕೈಮುಗಿದ.

ನಾನು ಓಡಿದೆ. ಯಾರೋ "ಏಯ್, ಮಗೂನ ಇಡ್ಕೊಳ್ರೋ" ಎಂದರು. ತಾತನ ಕೋಲು ಅಡ್ಡ ಬಂತು, ಅದರ ಕೆಳಗೆ ನುಸುಳಿದೆ. ಹೆಣ್ಣುಮಕ್ಕಳು ಆ ಚಪ್ಪಡಿ ತುಳಿಯುವುದಿಲ್ಲ. ಅದೂ ನೆನಪಿತ್ತು, ಆದರೂ ಓಡಿದೆ. ಅಪ್ಪನ ಎರಡೂ ಕೈ ತಲೆಯ ಮೇಲೆ ಕೂಡಿದ್ದವು, ಮಂಡಿ ಮಡಚಿತ್ತು. ನಾನು ಚಪ್ಪಡಿಯ ಕೊನೆಯಲ್ಲಿ ಕೂತು, ಕಂಬದ ಗೆರೆಗೆ ಬೆರಳು ಸಿಕ್ಕಿಸಿ, ಲಂಗದ ಸಮೇತ ನೀರಿಗೆ ಜಾರಿದೆ.

ಏರಿಯ ಮೇಲಿಂದ ಎದ್ದ ಆ ಚೀತ್ಕಾರ ಇವತ್ತಿಗೂ ನನ್ನ ಕಿವಿಯಲ್ಲಿದೆ, ಅದರಲ್ಲಿ ಅವ್ವನ ದನಿ ಎಲ್ಲರಿಗಿಂತ ಮೇಲಿತ್ತು. ಎಲ್ಲರ ಲೆಕ್ಕದಲ್ಲಿ ನಾನು ಒಂಬತ್ತು ಮೊಳ ನೀರಿಗೆ ಬಿದ್ದಿದ್ದೆ. ನನ್ನ ಕಾಲು ಕೆಸರಿಗೆ ತಾಗಿತು, ಹೂತಿತು, ಮೊಣಕಾಲಿನ ಹತ್ತಿರ ನಿಂತಿತು. ನೀರು ಕುತ್ತಿಗೆಗೆ ಬಂತು, ಅದಕ್ಕಿಂತ ಮೇಲೆ ಬರಲಿಲ್ಲ. ನಾನು ಕಂಬ ಬಿಟ್ಟು ಎರಡೂ ಕೈ ಮೇಲೆತ್ತಿ ತೋರಿಸಿದೆ. ಹತ್ತು ವರ್ಷದ ಹುಡುಗಿ, ಕೆರೆಯ ಎಲ್ಲಕ್ಕಿಂತ ಆಳದ ಜಾಗದಲ್ಲಿ, ನಿಂತಿದ್ದೆ.

ತಮಟೆ ನಿಂತಿತು. ಅಪ್ಪ ಕಂಬದ ತುದಿಯಿಂದ ನನ್ನನ್ನೇ ನೋಡಿದ. ಮಡಚಿದ ಮಂಡಿ ಹಾಗೇ ಇತ್ತು. ಆಮೇಲೆ ಸರಸರ ಇಳಿದು, ಕಾಲು ಕೆಳಗೆ ಮಾಡಿ ನೀರಿಗೆ ಬಂದ, ನನ್ನನ್ನು ಕಿತ್ತು ಎತ್ತಿ ಚಪ್ಪಡಿಯ ಮೇಲೆ ಕೂರಿಸಿದ. ಅಪ್ಪನಿಗೆ ನೀರು ಸೊಂಟಕ್ಕಿಂತ ಸ್ವಲ್ಪ ಮೇಲಿತ್ತು. ನೀರುಗಂಟಿಯ ಮಗ ಊರೆಲ್ಲ ನೋಡುತ್ತಿದ್ದ ಹಾಗೆ, ತುಂಬಿದ ಕೆರೆಯ ತೂಬಿನ ಬುಡದಲ್ಲಿ, ಸೊಂಟದ ನೀರಿನಲ್ಲಿ ನಿಂತ. ಅವನ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಗಿ ಕುತ್ತಿಗೆ ಸವರಿತು.

ತಾತ ಚಪ್ಪಡಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದ. ನನ್ನ ಕಡೆ ನೋಡಲಿಲ್ಲ. ಕುಕ್ಕರಿಸಿ, ತನ್ನ ಊರುಗೋಲನ್ನು ನೀರಿಗೆ ಇಳಿಸಿದ, ಜೀವಮಾನದಲ್ಲಿ ಮೊದಲ ಸಲ. ಕೋಲು ನಿಂತಿತು. ಎತ್ತಿ, ಒದ್ದೆಯಾದಷ್ಟನ್ನು ಮೊಣಕೈಯಿಂದ ಅಳೆದ. ಇನ್ನೊಮ್ಮೆ ಇಳಿಸಿದ, ಇನ್ನೊಮ್ಮೆ ಅಳೆದ. ಆ ಮುದುಕನ ಮುಖ ಅವತ್ತು ಹೇಗಾಯಿತು ಎಂದು ಬರೆಯಲು ನನ್ನಿಂದ ಆಗುವುದಿಲ್ಲ. ಆಮೇಲೆ ಅಪ್ಪನ ಕಡೆ ಕೈ ಚಾಚಿದ.

"ಮ್ಯಾಕ್ ಬಾ ಮಗಾ. ಸೀತ ಆಯ್ತದೆ."

ಎರಡು ವರ್ಷದ ಮೇಲೆ ಅಪ್ಪನಿಗೆ ಬಂದ ಮೊದಲ ಮಾತು ಅದು. ಅಪ್ಪ ತಲೆ ಬಗ್ಗಿಸಿ, ಉಸಿರು ಕಟ್ಟುವ ಅಗತ್ಯವೇ ಇಲ್ಲದೆ, ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡು ಮೇಲೆ ಬಂದ. ಕಪ್ಪು ಮಣ್ಣಲ್ಲ ಅದು, ಪಾಯದ ಕೆಂಪು ಮಣ್ಣು, ನಡುವೆ ಒಂದು ಚೂರು ಟೈಲ್ಸು. ತಾತ ಅದನ್ನು ಬೇಡ ಎನ್ನಲಿಲ್ಲ. ಮನೆಗೆ ತಂದು ಗೂಡಿನಲ್ಲಿ ತನ್ನ ಉಂಡೆಯ ಪಕ್ಕದಲ್ಲಿ ಇಟ್ಟ.

ಸಂಜೆ ನಾನು ಜಗಲಿಯಲ್ಲಿ ಚಾರ್ಟು ಹಾಸಿಕೊಂಡು ಕೊನೆಯ ಸಾಲು ಬರೆದೆ. ಮರುದಿನ ಪ್ರದರ್ಶನ. ತಾತ ಬಂದು ಪಕ್ಕದಲ್ಲಿ ಕೂತ. ಅವನಿಗೆ ಓದು ಬರುತ್ತಿರಲಿಲ್ಲ. ನೀಲಿ ಚುಕ್ಕೆಗಳನ್ನೂ ಖಾಲಿ ಚೌಕಗಳನ್ನೂ ನೋಡುತ್ತ ಬಂದು, ಕೊನೆಯ ಸಾಲಿನಲ್ಲಿ ಬೆರಳಿಟ್ಟ.

"ಇದು ನಮ್ದಾ?"

"ಊ ತಾತ."

"ಏನಂತ ಬರ್ದೆ?"

"ಒಂಬತ್ತು ಮೊಳ," ಎಂದೆ.

ತಾತ ಬೆರಳು ತೆಗೆಯಲಿಲ್ಲ. ಆಳದ ಕಾಲಮ್ಮಿನಲ್ಲಿ ನಾನು ಬರೆದದ್ದು ಒಂದೇ ಒಂದು ಅಂಕಿ, ಎಷ್ಟೋ ವರ್ಷ ಕಲ್ಲಿನ ಗೆರೆ ಎಣಿಸಿದ ಅವನ ಕಣ್ಣಿಗೆ ಅದು ಒಂಬತ್ತಲ್ಲ ಎಂದು ಗೊತ್ತಾಗಿತ್ತು.

"ಬರ್ದಿರೋದ್ನ ಓದು ಅಮ್ಮಣ್ಣಿ."

"ಎರಡು," ಎಂದೆ.

"ಇನ್ನೊಂದ್ ಸಲ ಓದು. ನಿಮ್ಮಪ್ಪಂಗೂ ಕೇಳ್ಲಿ," ಎಂದು ಒಳಗೆ ತಿರುಗಿ, ತಾನೇ ಕೂಗಿ ಅಪ್ಪನನ್ನು ಕರೆದ.